ಚಿಕ್ಕಬಳ್ಳಾಪುರದಲ್ಲಿ ಆಗಾಗ ಭೂಮಿ ಕಂಪಿಸುತ್ತಲ್ಲ, ಸಿಡಿಲು-ಬರಕ್ಕಿಂತ ಇದಕ್ಕೆ ಹೆಚ್ಚು ಹೆದರಬೇಕಾ?

ಬೇಡ. ನಮ್ಮ ಬಯಲುಸೀಮೆಯಲ್ಲಿ ಜೀವ ತೆಗೆಯುವುದು ಮುಂಗಾರಿಗೆ ಮುಂಚಿನ ಸಿಡಿಲು, ಬದುಕು ಕೆಡಿಸುವುದು ಬರ. 2021ರ ಡಿಸೆಂಬರ್ 22ರಂದು ಇಲ್ಲಿ ದಾಖಲಾದ ಕಂಪನಗಳ ತೀವ್ರತೆ 3ರ ಆಸುಪಾಸು. ತೀವ್ರತೆ ಒಂದಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟಾಗುತ್ತೆ. ಅಂದರೆ 5ರ ಕಂಪನದ ಸಾವಿರದಲ್ಲೊಂದು ಪಾಲು ಮಾತ್ರ ಇದು. ಅದಕ್ಕೆ ಮುಂಚಿನ ತಿಂಗಳು ಭಾರಿ ಮಳೆ ಸುರಿದಿತ್ತು. ಮಳೆನೀರು ಬಂಡೆಯ ಬಿರುಕಿಗಿಳಿದು ಒತ್ತಡ ಹೆಚ್ಚಿಸಿದಾಗ, ಬಿಗಿಯಾಗಿ ಕಚ್ಚಿಕೊಂಡಿದ್ದ ಬಂಡೆಗಳು ತುಸು ಜಾರಬಲ್ಲವು. ಹೆಚ್ಚು ಆಳವಿಲ್ಲದ ಕಡೆ ಹೀಗಾದರೆ ಸದ್ದು ಜೋರು. ಪಾತ್ರೆ ಅಲುಗುತ್ತೆ, ಅಷ್ಟೇ.

ನನಗೆ ನಿಜವಾದ ಆತಂಕ ಹಳೇ ಕಲ್ಲುಚಪ್ಪಡಿ ಮನೆಗಳದ್ದು. ಮಣ್ಣಿನ ಗೋಡೆ ಮಳೆಗೆ ನೆನೆದು ಸಡಿಲವಾಗಿದ್ದರೆ ಸಣ್ಣ ಅಲುಗಾಟಕ್ಕೂ ಬಿಟ್ಟುಕೊಳ್ಳಬಹುದು. ಚಪ್ಪಡಿಯ ತುದಿ ಗೋಡೆ ಮೇಲಿಂದ ಸರಿದಿದೆಯಾ, ಮೂಲೆಯಲ್ಲಿ ಹೊಸ ಬಿರುಕಿದೆಯಾ ನೋಡಿ. ಇದ್ದರೆ ಅಲ್ಲಿ ಮಲಗಬೇಡಿ, ಮೇಸ್ತ್ರಿಯನ್ನು ಕರೆಸಿ.