ಕಾಲು ಸರಿಯಿಲ್ಲದ ಗಿಣಿ, ಕೈ ಕಂಡ್ರೆ ಕಚ್ಚಕ್ಕೆ ಬರತ್ತೆ, ನಂಬಿಕೆ ಬರ್ಸೋದು ಹೇಗೆ?

ಮೂರು ತಿಂಗಳಾದ್ರೂ ಹತ್ರ ಬಿಟ್ಕೊಳ್ತಿಲ್ಲ, ಟವಲಲ್ಲಿ ಹಿಡಿದು ಅಭ್ಯಾಸ ಮಾಡಿಸ್ಲಾ, ಇಲ್ಲ ಜೊತೆಗೆ ಇನ್ನೊಂದು ತರ್ಲಾ ಅಂತ ಕೇಳಿದೀರ. ಎರಡೂ ಬೇಡ. ಅದು ಕಚ್ಚಕ್ಕೇ ಬರ್ತಿದೆ ಅಂತ ನಿಮಗೆ ಹೇಳಿದ್ಯಾರು?

ನಾನೂ ಹಂಗೇ ಅನ್ಕೊಂಡಿದ್ದೆ. ನಮ್ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಫ್ರೆಂಡ್ ಒಬ್ಬ ಮನೆ ಖಾಲಿ ಮಾಡೋವಾಗ ಅವನ ಜುಟ್ಟಿರೋ ಸಣ್ಣ ಗಿಣಿ ಜಾತಿಯ ಕಾಕಟೀಲ್‌ನ ಪಂಜರ ಸಮೇತ ತಂದು ಬಿಟ್ಟು ಹೋದ. ಎಡಗಾಲು ಪಕ್ಕಕ್ಕೆ ಚಾಚ್ಕೊಂಡಿತ್ತು, ಮರಿಯಾಗಿದ್ದಾಗ್ಲೇ ಪಟ್ಟಿ ಕಟ್ಟಿದ್ರೆ ನೆಟ್ಟಗಾಗ್ತಿತ್ತೇನೋ, ಈಗ ಆಗಲ್ಲ ಅಂದ್ರು ಡಾಕ್ಟ್ರು. ಮೇಲಿಂದ ಯಾರೋ ರೆಕ್ಕೆ ಗರಿ ಬೇರೆ ಕತ್ರಿಸಿದ್ರು. ಓಡಕ್ಕೂ ಆಗಲ್ಲ ಹಾರಕ್ಕೂ ಆಗಲ್ಲ ಅಂದ್ಮೇಲೆ ಹೆದರದೆ ಇನ್ನೇನ್ ಮಾಡತ್ತೆ? ಅಮ್ಮ ಸುಬ್ಬು ಅಂತ ಹೆಸರಿಟ್ರು. ನಾನು ಹತ್ರ ಹೋದ್ರೆ ಜುಟ್ಟು ತಲೆಗೆ ಅಂಟಿಸ್ಕೊಂಡು ಬುಸ್ಸ್ ಅನ್ನೋದು.

ವಿಡಿಯೋ ನೋಡಿ ನೋಡಿ ಬೆರಳನ್ನ ಎದೆ ಕೆಳಗೆ ತಾಗಿಸಿದ್ರೆ ಹತ್ಕೊಳತ್ತೆ ಅಂತ ಕಲ್ತಿದ್ದೆ. ಆ ವಿಡಿಯೋ ಹಕ್ಕಿಗಳಿಗೆಲ್ಲ ಎರಡು ಕಾಲೂ ಸರಿ ಇದ್ವು ಅನ್ನೋದು ತಲೆಗೇ ಹೋಗ್ಲಿಲ್ಲ. ಎರಡು ತಿಂಗಳಾದ್ಮೇಲೆ ಒಂದಿನ ಸುಬ್ಬು ಬುಸ್ ಅನ್ನದೆ ಬಾಗ್ಲ ತನಕ ಬಂತು, ಕುತ್ತಿಗೆ ಉದ್ದ ಮಾಡಿ ಕೊಕ್ಕು ತೆಗ್ದು ನನ್ನ ಬೆರಳಿಗೆ ಹಾಕಕ್ಕೆ ಬಂತು, ನಾನು ಅಯ್ಯೋ ಕಚ್ತು ಅಂತ ಕೈ ಎಳ್ಕೊಂಡೆ, ಅದಾಗ್ಲೇ ಮೈಭಾರ ಎಲ್ಲ ಮುಂದಕ್ಕೆ ಬಿಟ್ಟಿತ್ತು, ದಬ್ ಅಂತ ಟೈಲ್ಸ್ ಮೇಲೆ ಬಿತ್ತು. ಹೊಸದಾಗಿ ಬರ್ತಿದ್ದ ರೆಕ್ಕೆ ಗರಿ ಮುರೀತು. ಬೆಳೀತಿರೋ ಗರಿ ಒಳಗೆ ರಕ್ತ ಹರೀತಿರತ್ತೆ, ಅಂಗೈಯಷ್ಟು ಹಕ್ಕಿ, ನೆಲ ಎಲ್ಲ ರಕ್ತ. ಕಾರ್ನ್‌ಫ್ಲೋರ್ ಒತ್ತಿ ಹಿಡ್ಕೊಂಡು ಆಟೋ ಹುಡ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ.

ಅದು ಕಚ್ಚಕ್ಕೆ ಬಂದಿದ್ದಲ್ಲ ಕಣ್ರೀ. ಪಂಜರದ ಕಂಬಿ ಹತ್ತೋದನ್ನ ದಿನಾ ನೋಡ್ತಿದ್ದೆ, ಮೊದ್ಲು ಕೊಕ್ಕಲ್ಲಿ ಹಿಡ್ಕೊಳತ್ತೆ, ಆಮೇಲೆ ಒಳ್ಳೆ ಕಾಲು ಇಡತ್ತೆ, ಆಮೇಲೆ ಸೊಟ್ಟ ಕಾಲನ್ನ ಎಳ್ಕೊಳತ್ತೆ. ಗಿಣಿ ಜಾತಿಗೆಲ್ಲ ಕೊಕ್ಕು ಮೂರನೇ ಕಾಲು, 2022ರಲ್ಲಿ ಲವ್‌ಬರ್ಡ್ಸ್ ಇಟ್ಕೊಂಡು ಅಳೆದೇ ತೋರಿಸಿದಾರೆ, ಹತ್ತೋವಾಗ ಕಾಲಿಗೆ ಬೀಳೋವಷ್ಟು ಬಲ ಕೊಕ್ಕಿಗೂ ಬೀಳತ್ತಂತೆ. ಇದಕ್ಕಂತೂ ಅದೇ ಎರಡನೇ ಕಾಲು. ಅಜ್ಜಿ ಒಬ್ರು ಬಿಎಂಟಿಸಿ ಹತ್ತಕ್ಕೆ ಅಂತ ಕಂಬಿಗೆ ಕೈ ಹಾಕಿದ ತಕ್ಷಣ ಕಂಡಕ್ಟರ್ ರೈಟ್ ರೈಟ್ ಅಂದಂಗೆ ನಾನು ಮಾಡಿದ್ದು. ಎರಡು ತಿಂಗಳು ಯೋಚ್ನೆ ಮಾಡಿ ಕೊನೆಗೂ ಬಂದಿತ್ತು ಪಾಪ. ಅದಾದ್ಮೇಲೆ ನಾಲ್ಕು ತಿಂಗಳು ಮೂಲೆ ಬಿಟ್ಟು ಅಲ್ಲಾಡ್ಲಿಲ್ಲ.

ಸರಿ ಮಾಡಿದ್ದು ನಾನಲ್ಲ, ಅಮ್ಮ. ಅವರೆಕಾಯಿ ಸೀಸನ್ನು, ದಿನಾ ಮಧ್ಯಾಹ್ನ ಪಂಜರದ ಪಕ್ಕ ನೆಲದಲ್ಲಿ ಕೂತು ಕಾಯಿ ಸುಲೀತಾ ಏನೋ ಗುನುಗ್ತಿದ್ರು, ಅದರ ಕಡೆ ತಿರುಗೂ ನೋಡ್ತಿರ್ಲಿಲ್ಲ. ಅದೇ ಬೇಕಿತ್ತು ಅದಕ್ಕೆ. ವಾರ ಹತ್ತು ದಿನ ಆದ್ಮೇಲೆ ಕಂಬಿ ಹತ್ರ ಬಂದು ಕೂರಕ್ಕೆ ಶುರು ಮಾಡ್ತು. ಆಮೇಲೆ ಊರಿಂದ ಬಂದ ನವಣೆ ತೆನೆ ಕೊಟ್ವಿ. ತೆನೆ ಉದ್ದ ಇರೋದ್ರಿಂದ ಕೈ ದೂರ ಇರತ್ತೆ, ದಿನಾ ಒಂದಿಷ್ಟು ಗಿಡ್ಡ ಹಿಡ್ಕೊಂಡ್ರೆ ಆಯ್ತು. ಬೆರಳು ಚಾಚೋದು ಬಿಟ್ಬಿಡಿ, ಒಂದು ಕಾಲಲ್ಲಿ ಬೆರಳ ಮೇಲೆ ಹೆಂಗೆ ನಿಲ್ಲತ್ತೆ? ಮುಂಗೈಗೆ ಹಳೇ ಟವಲ್ ಸುತ್ಕೊಂಡು, ಮೊಣಕೈ ನೆಲಕ್ಕೂರಿ, ಅದು ಕೊಕ್ಕು ಹಾಕಿದಾಗ ಅಲ್ಲಾಡದೆ ಇರಿ. ನೋವಾದ್ರೂ ಇರಿ.

ಟವಲ್ ಅಂದ್ರೆ ಇಷ್ಟೇ, ಹಕ್ಕಿನ ಅದರಲ್ಲಿ ಸುತ್ತಿ ಹಿಡಿಯೋದಲ್ಲ. ಇನ್ನೊಂದು ಹಕ್ಕಿ ತಂದ್ರೆ ಇದನ್ನ ತಟ್ಟೆ ಹತ್ರಾನೂ ಬಿಡಲ್ಲ. ದುಡ್ಡಿದ್ರೆ ಪಂಜರಕ್ಕೆ ಹಾಕಿ: ಕೋಲುಗಳನ್ನ ಕೆಳಗಿಳ್ಸಿ, ಅಗಲ ಹಲಗೆ ಹಾಕಿ, ತಳಕ್ಕೆ ಮೆತ್ತಗೆ ಬಟ್ಟೆ ಹಾಸಿ, ಭಾರ ಎಲ್ಲ ಒಂದೇ ಕಾಲಿಗೆ ಬೀಳೋದ್ರಿಂದ ಒಳ್ಳೆ ಕಾಲಿನ ಪಾದ ಹುಣ್ಣಾಗತ್ತೆ, ಅದನ್ನ ನೋಡ್ತಾ ಇರಿ. ಕಾಕಟೀಲ್ ಆದ್ರೆ ರಾತ್ರಿ ಕತ್ಲಲ್ಲಿ ಬೆಚ್ಚಿ ಬೀಳತ್ತೆ, ಸಣ್ಣ ಲೈಟ್ ಇರ್ಲಿ. ಊದುಬತ್ತಿ ಹೊಗೆ, ಕಾದ ನಾನ್‌ಸ್ಟಿಕ್ ತವಾ ಎರಡೂ ದೂರ.

ಬರೀ ಗಿಣಿ ಅಂತ ಬರ್ದಿದೀರ. ನಮ್ಮ ಹಸಿರು ಗಿಣಿನೇ ಆಗಿದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸಾಕೋ ಹಾಗೇ ಇಲ್ಲ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ, ಅವ್ರನ್ನ ಕೇಳಿ. ಬೈಕೋಬೇಡಿ, ಹೇಳಲೇಬೇಕಿತ್ತು.

ಸುಬ್ಬು ಈಗ ಬರತ್ತೆ. ನನ್ನ ಕೈಗೆ ಬರೋ ಮುಂಚೆ ಈಗ್ಲೂ ಕೊಕ್ಕಲ್ಲಿ ಎರಡು ಸಲ ಕುಕ್ಕಿ ನೋಡಿ ನಿಂತ್ಕೊಳತ್ತೆ, ಅಮ್ಮನ ಕೈಗೆ ಹಂಗೆಲ್ಲ ಇಲ್ಲ, ಸೀದಾ ಹತ್ತತ್ತೆ.