ಓಡುವಾಗ ಬೆರಳು ಜೋಮು: ಮೊದಲು ಲೇಸ್ ನೋಡಿ

ಶೂ ಚಿಕ್ಕದಾಗಿರಲಿಕ್ಕಿಲ್ಲ, ಇದು ಹೆಚ್ಚಾಗಿ ಲೇಸಿನ ಬಿಗಿ. ಮಲ್ಪೆ ಕಡೆ ಓಡುವಾಗ ಸ್ವಲ್ಪ ದೂರ ಆದ ಮೇಲೆ ಬೆರಳು ಜೋಮು ಹಿಡಿಯುತ್ತದೆ, ಲೇಸ್ ಸಡಿಲ ಮಾಡಿದರೆ ಹಿಮ್ಮಡಿ ಜಾರುತ್ತದೆ, ಶೂ ಚಿಕ್ಕದಾಯ್ತಾ, ಬ್ಲೇಡಲ್ಲಿ ಬದಿ ಸೀಳಲಾ ಅಂತ ಕೇಳಿದಿರಲ್ಲ. ನಮ್ಮ ಸೆಕೆಗೆ ಓಡುತ್ತಾ ಓಡುತ್ತಾ ಕಾಲು ಊದುತ್ತದೆ, ಆಗ ಪಾದದ ಮೇಲೆ ಲೇಸ್ ಅಡ್ಡ ಹಾಯುವ ಜಾಗ ಒತ್ತುತ್ತದೆ.

ಮೊದಲು ಇನ್‌ಸೋಲ್ (ಶೂ ಒಳಗೆ ಪಾದದ ಅಡಿಗೆ ಇರುವ ಮೆತ್ತೆ) ಹೊರಗೆ ತೆಗೆದು ಸಂಜೆ ಹೊತ್ತು ಅದರ ಮೇಲೆ ನಿಂತು ನೋಡಿ. ಬೆರಳು ಅಂಚು ದಾಟಿದರೆ ಶೂವಿನ ಅಗಲವೇ ಸಾಲದು, ಮುಂದಿನದ್ದೆಲ್ಲ ಸುಮ್ನೆ ವೇಸ್ಟ್. ಸರಿ ಇದ್ದರೆ ಲೇಸ್ ಪೂರ್ತಿ ಬಿಚ್ಚಿ. ನೋಯುವ ಜಾಗದಲ್ಲಿ ಮಾತ್ರ ಅಡ್ಡ ಹಾಕಬೇಡಿ, ಅದೇ ಬದಿಯ ಮೇಲಿನ ತೂತಿಗೆ ನೇರ ಏರಿಸಿ, ಆಮೇಲೆ ಮತ್ತೆ ಅಡ್ಡ. ಎಲ್ಲಕ್ಕಿಂತ ಮೇಲೆ, ಕಣಕಾಲಿನ ಹತ್ತಿರ ಖಾಲಿ ಉಳಿದ ತೂತು ಉಂಟಲ್ಲ, ಅದು ಹಿಮ್ಮಡಿ ಜಾರದ ಹಾಗೆ ಹಿಡಿಯಲಿಕ್ಕೆ: ಎರಡೂ ಬದಿ ಲೇಸನ್ನು ಆಯಾ ಬದಿಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಬಿಡಿ, ಲೇಸಿನ ತುದಿಯನ್ನು ಎದುರು ಬದಿಯ ಕುಣಿಕೆಯೊಳಗೆ ತೂರಿಸಿ, ಎಳೆದು ಗಂಟು ಹಾಕಿ.

ಆದರೂ ಒತ್ತಿದರೆ ತೆಳು ಇನ್‌ಸೋಲ್ ಹಾಕಿ. ಬ್ಲೇಡಲ್ಲಿ ಬದಿ ಸೀಳುವ ಐಡಿಯಾ ಬಿಡಿ ಮಾರಾಯ್ರೆ, ಸೀಳು ಇನ್ನೂ ಉದ್ದ ಹರಿಯುತ್ತದೆ. ಶೂ ಹಾಕದೆ ಇರುವಾಗಲೂ ಜೋಮು ಇದ್ದರೆ ಕಾರಣ ಬೇರೆ ಇರಬಹುದು, ಡಾಕ್ಟರಿಗೆ ತೋರಿಸಿ.