ಓದುಗರ ಪ್ರಶ್ನೆ: ಪಾರ್ಕಿನ ಬೀಗದ ಕೈ ಯಾರ ಬಳಿ ಇರಬೇಕು?

ಪ್ರಶ್ನೆ: ನಮ್ಮ ಮನೆ ಹತ್ತಿರದ ಸಾರ್ವಜನಿಕ ಉದ್ಯಾನವನ್ನು ಕೆಲವು ವರ್ಷಗಳಿಂದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಮೊದಲು ಅಲ್ಲಿ ಕಸ, ಮುರಿದ ಬೆಂಚು, ಸಂಜೆಯಾದರೆ ಕತ್ತಲು. ಈಗ ಹುಲ್ಲು ಹಸಿರಾಗಿದೆ, ಶೌಚಾಲಯ ಚೊಕ್ಕಟವಾಗಿದೆ. ಆದರೆ ಮಧ್ಯಾಹ್ನ ಗೇಟಿಗೆ ಬೀಗ ಹಾಕುತ್ತಾರೆ. ಮಕ್ಕಳು ಚೆಂಡು ಹಿಡಿದು ಬಂದರೆ ಕಾವಲುಗಾರ ವಾಪಸ್ ಕಳಿಸುತ್ತಾನೆ. ವಾರಾಂತ್ಯಕ್ಕೆ ಅರ್ಧ ಜಾಗ ಹಣ ಕೊಟ್ಟವರ ಕಾರ್ಯಕ್ರಮಕ್ಕೆ ಹೋಗುತ್ತದೆ. ಲೆಕ್ಕ ಕೇಳಿದರೆ ‘ನಮ್ಮದು ಖಾಸಗಿ ಸಂಸ್ಥೆ’ ಎನ್ನುತ್ತಾರೆ. ಪಾಲಿಕೆಗೆ ಹೋದರೆ ‘ಟ್ರಸ್ಟ್‌ನವರನ್ನೇ ಕೇಳಿ’ ಎನ್ನುತ್ತಾರೆ. ನೆರೆಹೊರೆಯವರು ಈಗ ಎರಡು ಪಕ್ಷವಾಗಿದ್ದಾರೆ. ಯಾರು ಸರಿ?

ಉತ್ತರ: ನಿಮ್ಮ ಪತ್ರ ಓದಿದಾಗ ಬೀಗಕ್ಕಿಂತ ಹೆಚ್ಚು ಕಳವಳ ತಂದದ್ದು ಪಾಲಿಕೆಯವರ ಆ ಮಾತು. ‘ಟ್ರಸ್ಟ್‌ನವರನ್ನೇ ಕೇಳಿ’ ಎಂದು ಹೇಳುವ ಹಕ್ಕು ಅವರಿಗಿಲ್ಲ. ಉದ್ಯಾನ ಇಂದಿಗೂ ಅವರ ಸುಪರ್ದಿನಲ್ಲೇ ಇದೆ. ಟ್ರಸ್ಟ್‌ಗೆ ಕೊಟ್ಟಿರುವುದು ಕೆಲಸ ಮಾತ್ರ.

ಆ ಕೆಲಸವನ್ನು ಹಗುರವಾಗಿ ಕಾಣಬೇಡಿ. 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಖಜಾನೆ ಬರಿದಾಗಿ ಸೆಂಟ್ರಲ್ ಪಾರ್ಕ್ ಪಾಳು ಬಿದ್ದಿತ್ತು. 843 ಎಕರೆಯ ಆ ಉದ್ಯಾನದ ಹುಲ್ಲುಗಾವಲುಗಳು ಬೋಳು ಮಣ್ಣಾಗಿದ್ದವು. 1980ರಲ್ಲಿ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಎಲಿಜಬೆತ್ ಬಾರ್ಲೋ ರಾಜರ್ಸ್. ಅವರ ಸಂಸ್ಥೆ ತಂದ ಪದ್ಧತಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ವಲಯದ ಮಾಲಿಗಳದ್ದು. ಇಡೀ ಉದ್ಯಾನವನ್ನು 49 ವಲಯಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಮಾಲಿಗೆ ವಹಿಸಿದರು. ಯಾವ ಮರದ ಕೆಳಗೆ ನೀರು ನಿಲ್ಲುತ್ತದೆ, ಯಾವ ಬೆಂಚಿನ ಹಲಗೆ ಸಡಿಲವಾಗಿದೆ, ಜನ ಎಲ್ಲಿ ಅಡ್ಡದಾರಿ ಹಿಡಿದು ಹುಲ್ಲು ಸವೆಸುತ್ತಾರೆ ಎಂಬುದೆಲ್ಲ ಆ ಒಬ್ಬರಿಗೆ ಗೊತ್ತಿರುತ್ತದೆ. ಬೆಳಗ್ಗೆ ಒಂದು ಗ್ಯಾಂಗ್ ಬಂದು ಗುಡಿಸಿ ಲಾರಿ ಹತ್ತಿ ಹೋಗುವ ವ್ಯವಸ್ಥೆಯಲ್ಲಿ ಇಂಥ ತಿಳಿವಳಿಕೆ ಬೆಳೆಯುವುದಿಲ್ಲ. ನಿಮ್ಮ ಟ್ರಸ್ಟ್‌ನವರು ಹಸಿರು ತಂದಿದ್ದರೆ ಅದರ ಹಿಂದೆ ಇಂಥ ನಿತ್ಯದ ದುಡಿಮೆ ಇದ್ದೇ ಇರುತ್ತದೆ. ಅವರನ್ನು ಕಳ್ಳರೆಂಬಂತೆ ಮಾತಾಡಿಸುವ ನೆರೆಯವರಿಗೆ ಇದನ್ನು ತಿಳಿಸಿ.

ಆದರೆ ಹುಲ್ಲು ಬೆಳೆಸಿದವರಿಗೆ, ಅದರ ಮೇಲೆ ಯಾರು ಕೂರಬೇಕೆಂದು ತೀರ್ಮಾನಿಸುವ ಅಧಿಕಾರ ತಾನಾಗಿ ಬಂದುಬಿಡುವುದಿಲ್ಲ. ನಿಮ್ಮ ಜಗಳದ ಗಂಟು ಇರುವುದೇ ಇಲ್ಲಿ.

ಸೆಂಟ್ರಲ್ ಪಾರ್ಕಿನ ನಿರ್ವಹಣೆಯ ಒಪ್ಪಂದ ಆದದ್ದು 1998ರಲ್ಲಿ. ಆಗಲೂ ಜಾಗ ನಗರದ್ದೇ, ಸಭೆ ಸಮಾರಂಭಗಳಿಗೆ ಅನುಮತಿ ಕೊಡುವುದೂ ನಗರದ ಉದ್ಯಾನ ಇಲಾಖೆಯೇ. ಅದಕ್ಕೇ 2004ರಲ್ಲಿ ಯುದ್ಧ ವಿರೋಧಿಗಳ ಭಾರಿ ಸಭೆಗೆ ಅಲ್ಲಿನ ಗ್ರೇಟ್ ಲಾನ್ ಸಿಗದೇ ಹೋದಾಗ, ಜನ ನೇರವಾಗಿ ನಗರಾಡಳಿತವನ್ನು ನ್ಯಾಯಾಲಯಕ್ಕೆ ಎಳೆಯಲು ಸಾಧ್ಯವಾಯಿತು. ಹುಲ್ಲು ಹಾಳಾಗುತ್ತದೆ ಎಂಬುದು ನಗರ ಕೊಟ್ಟ ಕಾರಣ. ಹುಲ್ಲು ದೊಡ್ಡದೋ ಮಾತಾಡುವ ಹಕ್ಕು ದೊಡ್ಡದೋ ಎಂದು ವಿರೋಧಿಗಳು ಕೇಳಿದರು. ಆ ವರ್ಷ ಅವರಿಗೆ ಅಲ್ಲಿ ಸಭೆ ನಡೆಸಲಾಗಲಿಲ್ಲ, ವ್ಯಾಜ್ಯ 2008ರಲ್ಲಿ ರಾಜಿಯಾಯಿತು. ನನ್ನ ಅಭಿಪ್ರಾಯದಲ್ಲಿ ನಗರದ ನಿರ್ಧಾರ ತಪ್ಪು. ಆದರೂ ಉತ್ತರ ಕೊಡಬೇಕಾದವರು ಯಾರು ಎಂಬುದರಲ್ಲಿ ಗೊಂದಲವಿರಲಿಲ್ಲ. ನಿಮ್ಮಲ್ಲಿ ಕೈತಪ್ಪಿರುವುದು ಅದೇ.

ಮೊದಲು ಗೇಟಿನ ಬಳಿಯ ನಿಯಮಗಳ ಫಲಕವನ್ನು ಹತ್ತಿರ ನಿಂತು ನೋಡಿ. ಉದ್ಯಾನಗಳ ತಂಟೆ ತಕರಾರು ಬಿಡಿಸಲು ಹೋದಾಗಲೆಲ್ಲ ನಾನು ಶುರು ಮಾಡುವುದು ಅಲ್ಲಿಂದಲೇ. ಮೇಲಿನ ನಾಲ್ಕೈದು ಸಾಲು ಒಂದೇ ಕೈಯ ಬರಹ, ಬಿಸಿಲಿಗೆ ಮಾಸಿದ ಬಣ್ಣ. ಅದರ ಕೆಳಗೆ ಹೊಸ ಬಣ್ಣದಲ್ಲಿ, ಸ್ವಲ್ಪ ಒತ್ತೊತ್ತಾಗಿ, ‘ಚೆಂಡಾಟ ನಿಷೇಧಿಸಿದೆ’. ಅದಕ್ಕೆ ಆದೇಶದ ಸಂಖ್ಯೆಯಿಲ್ಲ, ದಿನಾಂಕವಿಲ್ಲ. ಅಂಥ ಸಾಲು ಕಂಡರೆ ಅದರ ಫೋಟೊ ತೆಗೆದು, ಈ ನಿಯಮವನ್ನು ಮಂಜೂರು ಮಾಡಿದ ಆದೇಶದ ಪ್ರತಿ ಕೊಡಿ ಎಂದು ಪಾಲಿಕೆಗೆ ಬರೆಯಿರಿ. ಆದೇಶ ಇಲ್ಲದಿದ್ದರೆ ಮಕ್ಕಳನ್ನು ತಡೆಯಲು ಕಾವಲುಗಾರನಿಗೆ ಯಾವ ಆಧಾರವೂ ಇಲ್ಲ.

ಅದೇ ಪತ್ರದಲ್ಲಿ ನಿರ್ವಹಣಾ ಒಪ್ಪಂದದ ಪ್ರತಿಯನ್ನೂ ಕೇಳಿ. ಟ್ರಸ್ಟ್ ಖಾಸಗಿಯಾಗಿರಬಹುದು, ಪಾಲಿಕೆ ಸಹಿ ಹಾಕಿದ ಒಪ್ಪಂದ ಖಾಸಗಿಯಲ್ಲ. ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಅದನ್ನು ಬಳಸಿ. ಪ್ರತಿ ಕೈಗೆ ಬಂದ ಮೇಲೆ, ಕಾರ್ಯಕ್ರಮಗಳ ಹಣ ಯಾವ ಖಾತೆಗೆ ಹೋಗುತ್ತದೆ, ವರ್ಷದ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂದು ಹುಡುಕಿ. ಒಪ್ಪಂದ ರದ್ದು ಮಾಡುವ ಷರತ್ತನ್ನು ಎರಡು ಸಲ ಓದಿ. 2014ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಉದ್ಯಾನದ ಮಂಟಪದಲ್ಲಿ ಹೋಟೆಲ್ ನಡೆಸುವ ಬಗ್ಗೆ ವ್ಯಾಜ್ಯವಾದಾಗ, ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದಕ್ಕೆ ಅವಕಾಶ ಕೊಟ್ಟಿತು. ನಿಯಂತ್ರಣವೆಲ್ಲ ಉದ್ಯಾನ ಇಲಾಖೆಯ ಕೈಯಲ್ಲೇ ಉಳಿದಿದೆ, ಬೇಡವೆನಿಸಿದಾಗ ರದ್ದು ಮಾಡಬಹುದು, ಹಾಗಾಗಿ ಇದು ಗುತ್ತಿಗೆಯಲ್ಲ, ಬರಿಯ ಪರವಾನಗಿ ಎಂಬುದು ಅದರ ತರ್ಕ. ಅಂದರೆ ಆ ತೀರ್ಪಿನಲ್ಲಿ ರದ್ದು ಮಾಡುವ ಷರತ್ತಿಗೆ ದೊಡ್ಡ ಪಾಲಿತ್ತು. ನಿಮ್ಮ ಒಪ್ಪಂದದಲ್ಲಿ ಅದು ಇಲ್ಲದಿದ್ದರೆ, ನವೀಕರಣದ ಸಮಯಕ್ಕೆ ಮುಂಚೆಯೇ ಎರಡೂ ಪಕ್ಷದ ನೆರೆಯವರು ಸೇರಿ ಅದನ್ನು ಕೇಳಿ ಬರೆಸಿ.

ಪ್ರಶ್ನೆ: ನಾನು ಇಂಥದ್ದೇ ಸಂಸ್ಥೆಗೆ ದೇಣಿಗೆ ಕೊಡುತ್ತೇನೆ. ‘ನಿಮ್ಮಂಥವರಿಂದಲೇ ಬಡವರ ಪಾರ್ಕ್ ಹಾಳಾಗಿದ್ದು’ ಎಂದು ಒಬ್ಬರು ಜರೆದರು. ಬಹಳ ನೋವಾಯಿತು. ಇದು ನ್ಯಾಯವೇ?

ಉತ್ತರ: ನಿಮ್ಮನ್ನು ಜರೆದದ್ದು ಅನ್ಯಾಯ, ಅಮ್ಮಾ. ಆದರೆ ಅವರ ಸಿಟ್ಟಿಗೆ ಕಾರಣವಿದೆ. 2012ರಲ್ಲಿ ಜಾನ್ ಪಾಲ್ಸನ್ ಎಂಬ ಹಣಕಾಸು ಉದ್ಯಮಿ ಸೆಂಟ್ರಲ್ ಪಾರ್ಕಿಗೆ 10 ಕೋಟಿ ಡಾಲರ್ ಕೊಟ್ಟಾಗ, ಅದೇ ನಗರದ ದೂರದ ಬಡಾವಣೆಗಳ ಪಾರ್ಕುಗಳ ಗತಿಯೇನು ಎಂಬ ಕೂಗೆದ್ದಿತು. ಮರುವರ್ಷ ಡೇನಿಯಲ್ ಸ್ಕ್ವಾಡ್ರನ್ ಎಂಬ ರಾಜ್ಯ ಸೆನೆಟರ್, ಶ್ರೀಮಂತ ಸಂಸ್ಥೆಗಳು ತಮ್ಮ ಬಜೆಟ್ಟಿನ ಶೇ 20ನ್ನು ಬಡ ಉದ್ಯಾನಗಳಿಗೆ ಕೊಡಬೇಕೆಂದರು. 2015ರಲ್ಲಿ 8 ದೊಡ್ಡ ಸಂಸ್ಥೆಗಳು ತಾವಾಗಿಯೇ ಒಂದಷ್ಟು ನೆರವಿಗೆ ಒಪ್ಪಿದವು. ನೀವು ದೇಣಿಗೆ ನಿಲ್ಲಿಸಬೇಡಿ. ಅದರಲ್ಲೊಂದು ಪಾಲನ್ನು ಯಾರೂ ದತ್ತು ತೆಗೆದುಕೊಳ್ಳದ ಪಾರ್ಕಿಗೆ ಮೀಸಲಿಡಿ ಎಂದು ಸಂಸ್ಥೆಗೆ ಬರೆದು ಕೊಡಿ.

ಪ್ರಶ್ನೆ: ಒಂದೇ ಉದ್ಯಾನದಲ್ಲಿ ಎರಡು ಸಂಸ್ಥೆಗಳು. ಎರಡೂ ಒಳ್ಳೆಯವೇ, ಎರಡೂ ‘ಈ ಜಾಗ ನಮಗೆ ವಹಿಸಿದ್ದು’ ಎನ್ನುತ್ತವೆ. ಏನು ಮಾಡುವುದು?

ಉತ್ತರ: ಅಮೆರಿಕದ ಮೆಂಫಿಸ್ ನಗರದ ಓವರ್ಟನ್ ಪಾರ್ಕಿನಲ್ಲಿ ಇದೇ ಆಯಿತು. 1971ರಲ್ಲಿ ನಾಗರಿಕರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಹೆದ್ದಾರಿಯಿಂದ ಉಳಿಸಿಕೊಂಡ ಉದ್ಯಾನ ಅದು. ಅದರೊಳಗಿನ ಮೃಗಾಲಯವನ್ನು ಒಂದು ಲಾಭರಹಿತ ಸಂಸ್ಥೆ ನಡೆಸುತ್ತದೆ. ಉದ್ಯಾನದ ಬಹುಭಾಗವನ್ನು 2011ರಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ ನೋಡಿಕೊಳ್ಳುತ್ತದೆ. ಮೃಗಾಲಯಕ್ಕೆ ಜನ ಹೆಚ್ಚಾದಾಗ ಕಾರುಗಳು ಗ್ರೀನ್ಸ್‌ವಾರ್ಡ್ ಎಂಬ ಹುಲ್ಲುಗಾವಲಿನ ಮೇಲೆ ನಿಲ್ಲುತ್ತಿದ್ದವು. 2016ರಲ್ಲಿ ಜಗಳ ನ್ಯಾಯಾಲಯ ಹತ್ತಿತು. ಇನ್ನೊಂದು ಸಂಸ್ಥೆ ನೆಡಿಸಿದ್ದ ಎಳೆಯ ಮರಗಳನ್ನು ಮೃಗಾಲಯ ಅಲ್ಲಿಂದ ತೆಗೆಸಿತು. ಕೊನೆಗೆ ನಗರಸಭೆ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಹುಲ್ಲಿನ ಮೇಲಿನ ಪಾರ್ಕಿಂಗ್ ಪೂರ್ತಿ ನಿಲ್ಲಿಸುವ ಒಪ್ಪಂದ ಆಗುವ ಹೊತ್ತಿಗೆ 2022 ಬಂದಿತ್ತು.

ಹಾಗಾಗಿ ನಿಮ್ಮ ಎರಡು ಸಂಸ್ಥೆಗಳ ನಡುವೆ ಪಂಚಾಯ್ತಿ ಮಾಡಲು ನೀವು ಹೋಗಬೇಡಿ. ಯಾರ ಎಲ್ಲೆ ಎಲ್ಲಿಯವರೆಗೆ ಎಂದು ನಕ್ಷೆಯ ಮೇಲೆ ಗೆರೆ ಎಳೆದು, ಸಹಿ ಹಾಕಿ, ಒಪ್ಪಂದಕ್ಕೆ ಲಗತ್ತಿಸಿ ಎಂದು ಆಡಳಿತದ ಮುಂದೆ ಲಿಖಿತ ಬೇಡಿಕೆ ಇಡಿ. ಅಷ್ಟರವರೆಗೆ ಎರಡೂ ಕಡೆಯವರು ಒಂದು ಗಿಡವನ್ನೂ ಕೀಳಬಾರದೆಂದು ಅದೇ ಪತ್ರದಲ್ಲಿ ಸೇರಿಸಿ.